ಮುದ್ದಮ್ಮ ಯಾರಿಗೂ ಹೇಳದೆ ಇದ್ದದ್ದು

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ. ಮದುವೆಯಾಗಿ ಎಂಟು ತಿಂಗಳಾದರೂ ಮುದ್ದಮ್ಮನಿಗೆ ಗಂಡನ ಜೊತೆ ಕೂಡಲು ಆಗಿರಲಿಲ್ಲ. ಇಪ್ಪತ್ತು ವರ್ಷದ ಹೆಂಗಸು. ಗಂಡ ಮರಿಯಯ್ಯನ ಮೇಲೆ ಅವಳಿಗೆ ಆಸೆಯೇ ಇತ್ತು. ಆದರೆ ಅವನು ಹತ್ತಿರ ಬಂದರೆ ಮೈಯ ಆ ಭಾಗ ತಾನಾಗಿ ಬಿಗಿದುಕೊಳ್ಳುತ್ತಿತ್ತು. ನೋವು ತಾಳಲಾರದೆ ಅಳುತ್ತಿದ್ದಳು. ಶಿವನಸಮುದ್ರದ ಕರೆಂಟಿನ ಕೆಲಸದಲ್ಲಿದ್ದ ಮರಿಯಯ್ಯ, ತನ್ನನ್ನು ಕಂಡರೆ ಇವಳಿಗೆ ಆಗುವುದಿಲ್ಲ ಎಂದುಕೊಂಡು ಮಾತು ಬಿಟ್ಟ. ಅತ್ತೆ ಶಿವನಂಜಮ್ಮ, “ಗಾಳಿ ಸೋಕೈತೆ, ಸರಿ ಮಾಡಿ ಕಳ್ಸಿ” ಎಂದು ಸೊಸೆಯನ್ನು ಆತಗೂರಿನ ತವರಿಗೆ ಬಿಟ್ಟು ಹೋದಳು.

ತಾಯಿ ಊರಿನ ಸೂಲಗಿತ್ತಿ ಬೆಟ್ಟಮ್ಮನನ್ನು ಕರೆಸಿದಳು. ಬೆಟ್ಟಮ್ಮ ಸೀರೆಯ ನಿರಿಗೆ ಮುಟ್ಟಿದ್ದೇ ತಡ, ಮುದ್ದಮ್ಮ ಮಂಡಿ ಮಡಿಸಿಕೊಂಡು ಗೋಡೆಗೆ ಒತ್ತಿ ಕುಳಿತಳು. ಬೆಟ್ಟಮ್ಮ ಕೈ ಹಿಂದಕ್ಕೆ ತೆಗೆದು, ತಾಯಿಯನ್ನು ಹೊರಗೆ ಕಳಿಸಿ ಕೇಳಿದಳು:

“ನಿಮ್ಮಕ್ಕ ಅಂಕಮ್ಮ ಸತ್ ದಿನ ದೀಪ ಇಡ್ಕಂಡಿದ್ದೋಳು ನೀನೇ ಅಲ್ವೇನವ್ವ?”

ಆಗ ಮುದ್ದಮ್ಮನಿಗೆ ಒಂಬತ್ತು ವರ್ಷ. ಹೊಟ್ಟೆಯಲ್ಲಿ ಮಗು ಅಡ್ಡವಾಗಿ, ಅಕ್ಕ ಕೂಗಿ ಕೂಗಿ ಪ್ರಾಣ ಬಿಟ್ಟಿದ್ದಳು. ಆ ಮಾತನ್ನು ಮುದ್ದಮ್ಮ ಯಾರ ಮುಂದೆಯೂ ಎತ್ತಿರಲಿಲ್ಲ. ಈಗ ಹೇಳಿದಳು. ಚಾಪೆ ತುಂಬ ರಕ್ತ, ಅಕ್ಕನ ಕಾಲನ್ನು ಅದುಮಿ ಹಿಡಿದಿದ್ದ ಹೆಂಗಸರು, ಎಲ್ಲವನ್ನೂ.

“ಆಳಿಲ್ಲ ಅಂತ ನಿನ್ನ ಒಳಕ್ ಕರ್ದೋಳು ನಾನೇ. ತೆಪ್ಪು ನಂದು ಕಣವ್ವ,” ಎಂದು ಬೆಟ್ಟಮ್ಮ ಕಣ್ಣೊರೆಸಿಕೊಂಡಳು.

ಅವತ್ತಿನಿಂದ ದಿನಾ ಬಂದು, ಉಸಿರು ನಿಧಾನ ಬಿಟ್ಟು ಬಿಗಿ ಸಡಿಲಿಸುವುದನ್ನು ಕಲಿಸಿದಳು. ಹರಳೆಣ್ಣೆ ಸವರಿ ನಿನ್ನ ಮೈಯನ್ನು ನೀನೇ ಮುಟ್ಟಿ ತಿಳಿದುಕೋ ಎಂದಳು. ತಾನು ಮಾತ್ರ ಮುಟ್ಟಲಿಲ್ಲ.

ತಿಂಗಳಾದ ಮೇಲೆ ಮರಿಯಯ್ಯ ಬಂದ. ಬೆಟ್ಟಮ್ಮ ಅವನನ್ನು ಜಗಲಿಯಲ್ಲೇ ಕೂರಿಸಿದಳು.

“ಅವ್ಳಿಗೆ ನಿನ್ ಮ್ಯಾಲೆ ಕ್ವಾಪ ಇಲ್ಲ ಕಣಪ್ಪ. ಕಣ್ಗೆ ಧೂಳ್ ಬಂದ್ರೆ ರೆಪ್ಪೆ ಮುಚ್ಕಳಲ್ವಾ? ಅಂಗೇ ಮೈ ಮುಚ್ಕತದೆ. ಅವ್ಳು ಬೇಕೂಂತ ಮಾಡೋದಲ್ಲ, ಅಕ್ಕ ಹೆರಿಗೇಲಿ ಸತ್ತಿದ್ ಕಂಡ ಎದ್ರಿಕೆ ಮಾಡ್ಸೋದು.”

“ನಾನೇನ್ ಮಾಡ್ಬೇಕವ್ವ?”

“ಸುಮ್ಕೆ ಜತೇಲಿರು. ಅವ್ಳು ಬ್ಯಾಡ ಅಂದ್ರೆ ಬುಟ್ಬುಡು.”

ಮರಿಯಯ್ಯ ಒಳಗೆ ಹೋದ. “ನಾನೇ ಬ್ಯಾಡ್ವೇನೋ ಅನ್ಕಂಡಿದ್ದೆ,” ಎಂದ. ಮುದ್ದಮ್ಮ ಅವನ ಕೈ ಹಿಡಿದುಕೊಂಡಳು.

ಇಬ್ಬರೂ ಮರಿಯಯ್ಯನ ಊರಿಗೆ ಮರಳಿದಾಗ ಶಿವನಂಜಮ್ಮ ಇನ್ನೊಂದು ಹೆಣ್ಣು ನೋಡುವ ಮಾತೆತ್ತಿದಳು. “ಬುಡವ್ವ, ಆ ಮಾತಾಡ್ಬ್ಯಾಡ,” ಎಂದುಬಿಟ್ಟ ಮಗ. ಯುಗಾದಿ ಕಳೆದು ದೀಪಾವಳಿ ಬರುವ ಹೊತ್ತಿಗೆ ಗಂಡ ಹೆಂಡತಿ ಕೂಡಿದರು. ಒಮ್ಮೊಮ್ಮೆ ಹಳೆಯ ನೋವು ಬರುತ್ತಿತ್ತು. ಅವಳು ಹೇಳುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಬಸುರಿನ ಮಾತನ್ನು ಮಾತ್ರ ಇನ್ನೆರಡು ವರ್ಷ ಇಬ್ಬರೂ ಎತ್ತಲಿಲ್ಲ.