ಒಗ್ಗದ ಹವಾ

ತೊಯ್ದ ಮಣ್ಣಿನ ವಾಸನೆ — ಕಣ್ಣು ತೆರೆಯುವ ಮೊದಲೇ ಅದು ಮೂಗಿಗೆ ತಾಕಿ, ಒಂದು ಗಳಿಗೆ ತಾನಿನ್ನೂ ಹೊನ್ನಾವರದಲ್ಲಿಯೇ ಇದ್ದೇನೆಂದು ನಾಜಮೀನಳಿಗೆ ಅನ್ನಿಸಿತು, ಇಲ್ಲ, ಇದು ಮಳೆಯ ವಾಸನೆಯಲ್ಲ, ತಂಬಿಗೆಯಿಂದ ಚಿಮುಕಿಸಿದ ನೀರಿನದು, ಇದು ಗಜೇಂದ್ರಗಡ, ತವರುಮನೆಯ ಮಗ್ಗದ ಕೋಣೆ. ಹೊರಗೆ ಮೇ ತಿಂಗಳ ಬಿಸಿಲು ಗುಡ್ಡದ ಬಂಡೆಗಳನ್ನು ರೊಟ್ಟಿಯ ಹಂಚಿನಂತೆ ಕಾಯಿಸುತ್ತಿದ್ದರೆ ಒಳಗೆ ಕಿಟಕಿಗಳೆಲ್ಲ ಮುಚ್ಚಿ, ನೆಲ ನೆನೆದು, ಬಾಗಿಲಿಗೆ ಇಳಿಬಿಟ್ಟ ಒದ್ದೆ ಗೋಣಿತಟ್ಟಿನ ಅಂಚಿನಿಂದ ಹನಿ ಬೀಳುತ್ತಿದೆ, ತಟ್, ಸ್ವಲ್ಪ ತಡೆದು ಮತ್ತೆ ತಟ್. ಒಣಗಾಳಿ ತಾಕಿದರೆ ಎಳೆ ಹರಿಯುತ್ತದೆ, ಆದುದರಿಂದ ನೇಯುವವರು ಬೇಸಗೆಯಲ್ಲಿಯೂ ಮನೆಯೊಳಗೊಂದು ಮಳೆಗಾಲವನ್ನು ಸಾಕಬೇಕು — ಬಾಬಾ ಹೇಳುತ್ತಿದ್ದ ಮಾತು, ಹತ್ತು ವರ್ಷದವಳಿದ್ದಾಗ ಅವಳ ಕೈಗೆ ತಂಬಿಗೆ ಕೊಟ್ಟು, ತಟ್ಟು ಒಣಗಲಾರದಂಗ ನೋಡ್ಕೋ ಬೇಟಿ, ಎಂದದ್ದು. ಆ ಬಾಬಾ, ಅವಳ ಅಪ್ಪ ಜಂಗ್ಲಿಸಾಬ, ಈಗ ಎಂಬತ್ತರ ಹತ್ತಿರದ ಮುದುಕ, ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಾರೆ, ಕುಣಿಮಗ್ಗದಲ್ಲಿ ಅಕ್ಕನ ಮಗಳು ಜುಲೇಖಾ ನೆಲದ ಕುಣಿಗೆ ಕಾಲಿಳಿಬಿಟ್ಟು ನೇಯುತ್ತಿದ್ದಾಳೆ, ಲಾಳಿ ಅತ್ತ, ಲಾಳಿ ಇತ್ತ, ಅಡುಗೆಮನೆಯಲ್ಲಿ ಅಕ್ಕ ಕೌಸರ ಚಹಾ ಕುದಿಸುತ್ತಿದ್ದಾಳೆ, ಕುದಿಸಲಿ, ಏಲಕ್ಕಿ ಜಜ್ಜಲಿ, ಸಕ್ಕರೆ ಇನ್ನೊಂದು ಚಮಚ ಹೆಚ್ಚೇ ಹಾಕಲಿ, ಇಂದು ಮಧ್ಯಾಹ್ನದ ಈ ಚಹಾಕ್ಕಾಗಿ ತಂಗಿ ಇಪ್ಪತ್ತು ಮಳೆಗಾಲ ಕಾದಿದ್ದಾಳೆ.

ಇದೇ ಕೋಣೆ, ಇದೇ ಬಾಗಿಲು, ಇಪ್ಪತ್ತು ವರ್ಷದ ಹಿಂದೆ. ಹೊನ್ನಾವರದ ಜವಳಿ ವ್ಯಾಪಾರಿಯ ಮನೆಯವರು ಸೀರೆ ಕೊಳ್ಳಲು ಬಂದವರು ಹೆಣ್ಣನ್ನೂ ನೋಡಿಕೊಂಡು ಹೋಗುವೆವೆಂದು ಕುಳಿತಿದ್ದರು, ನೋಡಬೇಕಾದದ್ದು ದೊಡ್ಡವಳನ್ನು, ಕೌಸರಳನ್ನು. ಆಪಾ ಸೆರಗು ಹೊದ್ದು ಬಂದು ಕುಳಿತಳು, ತಲೆ ತಗ್ಗಿಸಿದಳು, ಯಾರೂ ಕೇಳದೆಯೇ ಹೇಳಿಬಿಟ್ಟಳು — ನಂಗ ದಮ್ಮೈತ್ರಿ, ಸಮುದ್ರದ ಕಡಿ ತಂಪು ಹವಾ ನಂಗ ಒಗ್ಗೂದಿಲ್ಲ. ದಮ್ಮಂತೆ! ಹಿಂದಿನ ವಾರ ಕಾಲಕಾಲೇಶ್ವರದ ಮೆಟ್ಟಿಲುಗಳನ್ನು ಪಂದ್ಯ ಕಟ್ಟಿ ಓಡಿ ಹತ್ತಿದವಳಿಗೆ ದಮ್ಮು. ಬಂದವರ ಮುಖ ಸಪ್ಪಗಾಯಿತು, ಆಗಲೇ ಕುಣಿಯಿಂದ ಎದ್ದುಬಂದ ನಾಜಮೀನಳ ಕೂದಲ ತುಂಬ ಹತ್ತಿಯ ಎಳೆಗಳು, ಹತ್ತೊಂಬತ್ತರ ಪ್ರಾಯ, ಊರಿನ ಹಿರಿಯ ನೇಕಾರರೂ ಮುಟ್ಟಿ ನೋಡಿ ತಲೆದೂಗುವಂಥ ಕೈ, ಆ ಮನೆಯ ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಗಾದ್ರೆ ಈ ಚಿಕ್ಕವಳು ಅಡ್ಡಿಲ್ಲವಾ, ಎಂದಳು, ಅಷ್ಟೇ, ಸೀರೆಯ ಗಂಟಿನ ಜೊತೆಗೆ ಅವಳ ಬಾಳೂ ಗಂಟಾಗಿ ಹೋಯಿತು. ಆ ಹೊತ್ತಿಗೆ ಬಾಬಾ ಎದ್ದರು, ತಂಬಿಗೆ ತೆಗೆದುಕೊಂಡು ಬಾಗಿಲಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಗೋಣಿತಟ್ಟಿಗೆ ನೀರು ಸುರಿದರು, ನಾಜಮೀನಳೇ ಸ್ವಲ್ಪ ಹೊತ್ತಿನ ಮೊದಲಷ್ಟೇ ತೋಯಿಸಿದ್ದ ತಟ್ಟಿಗೆ. ಪಾಪ, ಮಗಳ ಸುಳ್ಳಿಗೆ ನಾಚಿ ಎದ್ದುಹೋದರು, ಎಂದುಕೊಂಡಿದ್ದಳು, ಇಂದಿಗೂ ಅಂದುಕೊಳ್ಳುತ್ತಾಳೆ. ತಿಂಗಳಲ್ಲಿ ನಿಕಾ. ಮರುವರ್ಷ ಕೌಸರಳಿಗೆ ಸೋದರತ್ತೆಯ ಮಗ ರಮಜಾನಸಾಬ, ಮನೆಯಳಿಯನಾಗಿ ಬಂದು ಎರಡನೆಯ ಮಗ್ಗಕ್ಕೆ ಕುಳಿತ, ಮನೆ ಅವಳದಾಯಿತು, ಮಗ್ಗ ಅವಳದಾಯಿತು, ಒಣಹವೆಯೂ ಅವಳದೇ ಆಯಿತು.

ಮತ್ತು ಇವಳ ಪಾಲಿಗೆ ಬಂದದ್ದು ಆ ಹವೆ — ಊರವರು ತೇವಕ್ಕೆಲ್ಲ ತಂಪು ಅನ್ನುತ್ತಾರೆ, ಹವೆಯೇ ಅದು, ಯಾರೋ ಬಿಸಿನೀರಿನಲ್ಲಿ ಅದ್ದಿ ಹಿಂಡದೆ ಮೈಮೇಲೆ ಹೊದಿಸಿದ ಕಂಬಳಿ, ಮಿಂದು ಬಂದ ಮರುಗಳಿಗೆಯೇ ಬೆವರು, ಒರೆಸಿದರೂ ಬೆವರು, ಒಣಗದ ಬೆವರು, ಊರಲ್ಲಿ ಬೆವರೆಂದರೆ ಗಾಳಿ ಬೀಸಿದರೆ ಹಾರಿಹೋಗುವಂಥದು, ಅಲ್ಲಿಯದು ಮೈಯಲ್ಲಿಯೇ ಮನೆ ಮಾಡಿ ಕುತ್ತಿಗೆಯ ಸುತ್ತ, ಬೆನ್ನ ತುಂಬ, ಕೆಂಪು ಗುಳ್ಳೆಗಳಾಗಿ ಹೂ ಬಿಡುತ್ತಿತ್ತು. ಅಮ್ಮ ಜಮಾಲಬಿ ಕಟ್ಟಿಕೊಟ್ಟ ನಲವತ್ತು ಕಟಕ ರೊಟ್ಟಿ ಎರಡೇ ದಿನಕ್ಕೆ ಒದ್ದೆ ಬಟ್ಟೆಯಂತೆ ಜೋಲು ಬಿದ್ದವು, ನಾಲ್ಕನೆಯ ದಿನಕ್ಕೆ ಹಸಿರು ಬೂಷ್ಟು, ಅವನ್ನು ಹಿತ್ತಲಲ್ಲಿ ಹೂಳುವಾಗ ಅತ್ತಳು, ಉಪ್ಪು ಡಬ್ಬಿಯಲ್ಲಿಯೇ ನೀರಾಯಿತು, ಕಡ್ಡಿಪೆಟ್ಟಿಗೆ ಹೊತ್ತದಾಯಿತು, ನಿಕಾದ ಚಪ್ಪಲಿಯ ಮೇಲೆ ಬೂದಿ ಬೆಳೆಯಿತು. ಗಾಳಿ ಕೂಡ ಎಂತ ಜಗಳ ಹೆಣ್ಣೇ, ಸುಮ್ನೆ ಉಸಿರಾಡು, ಎಂದು ಅತ್ತೆ ನಕ್ಕರು, ಕಲಿಸಿದರು, ಉಪ್ಪಿನಲ್ಲಿ ಅಕ್ಕಿಕಾಳು ಹಾಕು, ಬೆಂಕಿಪೊಟ್ಟಣ ಒಲೆಯ ಮಾಡದಲ್ಲಿಡು, ಸೀರೆಯ ನಡುವೆ ಇದ್ದಿಲು, ದಿನಕ್ಕೆ ಮೂರು ಮೀಯೂದು, ಮಧ್ಯಾಹ್ನ ಗಂಜಿ, ಕಲಿತಳು. ಕಲಿಯಲಾಗದೆ ಉಳಿದದ್ದು ಒಂದೇ, ಮರೆಯುವುದು. ಮೊದಲ ಆಷಾಢದಲ್ಲಿ, ಏಳು ದಿನ ಬಿಡದೆ ಸುರಿದ ಮಳೆಯಲ್ಲಿ ಗೋಡೆಯೂ ಬೆವರುತ್ತ ನಿಂತಿದ್ದಾಗ, ಮೂಗಿಗೆ ಇದೇ ವಾಸನೆ ಬಂದು ಥಟ್ಟನೆ ಹೊಳೆಯಿತು — ತೊಯ್ದ ನೆಲ, ಮುಚ್ಚಿದ ಕೋಣೆ, ನೀರಿಳಿಯುವ ಗೋಣಿ, ಅದರೊಳಗೆ ಹಗಲೆಲ್ಲ ಉಸಿರಾಡಿಕೊಂಡು ಹನ್ನೆರಡು ವರ್ಷ ಕುಳಿತವಳು ಕೌಸರ, ಒಂದು ದಿನ ಕೆಮ್ಮಿದವಳಲ್ಲ. ತಂಪು ಹವಾ ಒಗ್ಗದವಳು ಆ ಕೋಣೆಯಲ್ಲಿ ಹೇಗೆ ಬದುಕಿದಳು? ಅಂದು ಹಾಸಿದ ಎಳೆ ಇಂದಿಗೂ ಹರಿದಿಲ್ಲ. ಗಂಡ ಮುನಾವರ ಒಳ್ಳೆಯವನು, ಮಕ್ಕಳಿಬ್ಬರು ಒಳ್ಳೆಯವರು, ಅದು ಬೇರೆ ಮಾತು, ಸುಖವಿದ್ದವರಿಗೆ ಸೇಡು ಇರಬಾರದೆಂದು ಯಾರು ಹೇಳಿದರು, ಸೇಡು ಒಂದೇ ಆ ಹವೆಯಲ್ಲಿ ಬೂಷ್ಟು ಹಿಡಿಯದೆ ಉಳಿದ ಒಡವೆ.

ಈಗ ಗಾಳಿ ತಿರುಗಿದೆ. ಗಂಡನ ಅಣ್ಣನ ಮಗ ಸಾಜೀದನಿಗೆ ಜುಲೇಖಾಳನ್ನು ತರಬೇಕೆಂದು ಕೌಸರ ತಾನೇ ಮೂರು ಸಲ ಫೋನು ಮಾಡಿಸಿದ್ದಾಳೆ, ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ, ಅತ್ತೆ ಇವಳನ್ನೇ ಕಳಿಸಿದರು, ನೀನು ನೋಡಿ ಬಾ, ನಿನ್ನ ಮಾತೇ ನಮ್ಮ ಮಾತು. ನಿನ್ನೆಯ ಬಸ್ಸು, ಘಟ್ಟ ಹತ್ತಿ ಹುಬ್ಬಳ್ಳಿ, ನರಗುಂದದ ಗುಡ್ಡ ಕಂಡಾಗ ಬೆವರು ತಾನಾಗಿ ನಿಂತಿತು, ರೋಣದಲ್ಲಿ ಬಸ್ಸು ಬದಲಿಸುವಾಗ ತುಟಿ ಬಿರಿದು ರಕ್ತದ ರುಚಿ, ಇಲ್ಲಿ ಇಳಿಯುವಷ್ಟರಲ್ಲಿ ಹಿಮ್ಮಡಿ ಸೀಳಿತ್ತು — ಹುಟ್ಟಿದ ಊರಿನ ಹವೆಯೇ ಈಗ ಅವಳನ್ನು ಒಲ್ಲೆನೆನ್ನುತ್ತದೆ, ಇದನ್ನೂ ಆಪಾಳ ಲೆಕ್ಕಕ್ಕೆ ಸೇರಿಸಿದಳು. ಬೆಳಿಗ್ಗೆ ಜುಲೇಖಾ ಕೊಬ್ಬರಿ ಎಣ್ಣೆ ತಂದು, ಬ್ಯಾಡ ಬ್ಯಾಡ ಎಂದರೂ ಕೇಳದೆ ಕಾಲಿಗೆ ಸವರಿದಳು, ಖಾಲಾ, ನಿಮ್ಮ ಕಾಲು ನೋಡಿದ್ರ ನಮ್ಮ ಎರಿ ಹೊಲದಂಗ ಬಿರಕ ಬಿಟ್ಟಾವು ನೋಡ್ರಿ, ಎಂದು ನಕ್ಕಳು, ಆಮೇಲೆ ದನಿ ತಗ್ಗಿಸಿ, ಸಮುದ್ರದ ಸಪ್ಪಳ ಮನೀತನಾ ಕೇಳ್ತೈತೇನ್ರಿ? ಮಳಿಗಾಲದಾಗ ಕೇಳ್ತೈತಿ. ಮತ್ತ ಅಲ್ಲಿ ಮಗ್ಗ ಹೂಡಾಕ ಬರ್ತೈತೇನ್ರಿ, ಹವಾನ ತಂಪೈತಲ್ಲ, ಗೋಣಿ ಕಟ್ಟೂ ಕೆಲಸಾನೂ ಇಲ್ಲ, ಎಳಿ ಹರಿಯೂದ ಇಲ್ಲ! ಒಂದು ಮೊಳ ತೋಡಿದರೆ ಕುಣಿಯಲ್ಲಿ ನೀರು ಬರುತ್ತದೆ ಎಂದಳು ನಾಜಮೀನ, ಹುಡುಗಿ ಬಿಡಲಿಲ್ಲ, ಹಂಗಾದ್ರ ಕಟ್ಟಿ ಕಟ್ಟಿಸಿ ಮ್ಯಾಲ ಇಡೂದ್ರಿ — ಇಪ್ಪತ್ತು ವರ್ಷದಲ್ಲಿ ತನಗೇಕೆ ಇದು ಹೊಳೆಯಲಿಲ್ಲ, ಕಟ್ಟೆ ಕಟ್ಟಿಸುವುದು ಎಷ್ಟರ ಮಾತು, ಕೈ ಖಾಲಿ ಇರಲಿಲ್ಲ, ಕೈಯಲ್ಲಿ ಆ ಒಂದು ಮಾತು ಹಿಡಿದುಕೊಂಡಿದ್ದಳು. ಹುಡುಗಿಯ ಮೇಲೆ ಮನಸ್ಸು ಕರಗುತ್ತದೆ, ಕರಗಬಾರದು, ಉಪ್ಪಿಗೆ ಅಕ್ಕಿಕಾಳು ಹಾಕಿದ ಹಾಗೆ ತಡೆಯಬೇಕು.

ಕೌಸರ ಚಹಾ ತಂದಳು, ಕಪ್ಪುಬಸಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು, ಎದುರಿಗೆ ಕುಳಿತಳು, ನಲವತ್ತೆರಡಕ್ಕೇ ಮುಖದಲ್ಲಿ ಗೆರೆಗಳು, ಏನಂತೀಯವಾ ನಾಜೂ, ನಮ್ಮ ಹುಡುಗಿ ನಿಮ್ಮ ಮನಿಗೆ ಆದೀತಲ್ಲ? ಚಹಾ ತೀರ ಸಿಹಿ. ನಾಜಮೀನ ಬಸಿಯನ್ನು ಕೆಳಗಿಟ್ಟಳು, ಸಾವಕಾಶವಾಗಿ ಇಟ್ಟಳು, ಇಪ್ಪತ್ತು ವರ್ಷ ಬಾಯೊಳಗೆ ಹೊರಳಾಡಿಸಿ ನುಣುಪು ಮಾಡಿದ ಮಾತನ್ನು ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಹೊರಗಿಟ್ಟಳು — ಇಲ್ಲ ಆಪಾ, ಸಮುದ್ರದ ಕಡಿ ತಂಪು ಹವಾ ನಿನ್ನ ಮಗಳಿಗೆ ಒಗ್ಗೂದಿಲ್ಲ. ಲಾಳಿ ನಡುವೆಯೇ ನಿಂತಿತು. ಕೌಸರಳ ಮುಖ, ಆ ಮುಖವನ್ನು ಎಷ್ಟು ಮಳೆಯ ಸಪ್ಪಳದಲ್ಲಿ ಕಲ್ಪಿಸಿಕೊಂಡಿದ್ದಳು, ಇದೇ, ಇಷ್ಟೇ ಬಿಳಿಚಿರಬೇಕಾಗಿತ್ತು, ಹಾ. ಆದರೆ ಆಪಾ ಅಳಲಿಲ್ಲ, ಬೈಯಲಿಲ್ಲ, ತಂಗಿಯನ್ನು ದಿಟ್ಟಿಸಿ ನೋಡಿ, ಇದನ್ನ ಇಷ್ಟ ವರ್ಷ ಎದ್ಯಾಗ ಇಟ್ಕೊಂಡು ಕುಂತಿದ್ದೇನ, ಎಂದಳು, ಆ ಮಾತು ನಂದಲ್ಲವಾ ನಾಜೂ, ಅವರು ಬರೂ ಹಿಂದಿನ ದಿನ ಸಂಜೀಕ ಇಲ್ಲೇ ಕುಂದ್ರಿಸಿ ಬಾಯಿಪಾಠ ಮಾಡಿಸಿದ್ದು, ದಮ್ಮೈತಿ ಅಂತ ಹೇಳು, ನಿನಗ ರಮಜಾನನ್ನ ಮಾಡಿದ್ರ ಅವ ಇಲ್ಲೇ ಮಗ್ಗಕ್ಕ ಕೂಡ್ತಾನ, ನಾಜಮೀನ ಗಟ್ಟಿ ಹುಡುಗಿ, ಯಾವ ಹವಾದಾಗ ಒಗದ್ರೂ ಬದಕ್ತಾಳ — ನಾ ಒಲ್ಲೆ ಅಂತ ಕಣ್ಣೀರ ಹಾಕಿದೆ, ಕೇಳಲಿಲ್ಲ. ಯಾರು, ಎಂದು ನಾಜಮೀನ ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ, ಕುಣಿಯೊಳಗಿಂದ ಎರಡು ಕಣ್ಣುಗಳು ಅವಳನ್ನೇ ನೋಡುತ್ತಿವೆ, ಕೊಬ್ಬರಿ ಎಣ್ಣೆ ಸವರಿದ ಹುಡುಗಿಯ ಕಣ್ಣುಗಳು, ಸಮುದ್ರದ ಸಪ್ಪಳ ಕೇಳಿದ ಕಣ್ಣುಗಳು, ಆಡಿದ ಮಾತು ಅಲ್ಲಿಗೆ ಹೋಗಿ ನಟ್ಟಿದೆ, ಅದನ್ನು ಕಿತ್ತು ತೆಗೆಯಬೇಕು, ಇನ್ನೊಂದು ಕಡೆಗೆ ಎಸೆಯಬೇಕು, ಮೂಲೆಗೆ, ಗೋಡೆಗೊರಗಿ ಕುಳಿತವರ ಕಡೆಗೆ, ಆದರೆ ಮೂಲೆ ಖಾಲಿಯಾಗಿದೆ, ಬಾಬಾ ಯಾವಾಗಲೋ ಎದ್ದಿದ್ದಾರೆ, ಕೈಯಲ್ಲಿ ತಂಬಿಗೆ, ಬಾಗಿಲಲ್ಲಿ ಎಲ್ಲರಿಗೂ ಬೆನ್ನು ಮಾಡಿ ನಿಂತು, ತೊಯ್ದೇ ಇದ್ದ ಗೋಣಿತಟ್ಟಿಗೆ ನೀರು ಸುರಿಯುತ್ತಿದ್ದಾರೆ, ಸುರಿಯುತ್ತಲೇ ಇದ್ದಾರೆ, ಆ ಬೆನ್ನು, ಆ ತಂಬಿಗೆ, ಲಾಳಿ ನಿಂತ ಕೋಣೆಯಲ್ಲಿ ಗೋಣಿಯ ಅಂಚಿನಿಂದ ಒಂದು ಹನಿ, ತಟ್, ತೊಯ್ದ ತಟ್ಟಿನಿಂದ, ತಟ್ —