ಮಲಗುವ ಕೆಲಸಕ್ಕೆ ಎಷ್ಟು ದರ?

ಆ ಹಾಸಿಗೆ ಕಾರ್ಖಾನೆಯಲ್ಲಿ ದುಡಿಯುವವರು ಮೂವರೇ ಮೂವರು. ಹತ್ತಿ ಹಿಂಜುವವನು ಹಿಂಜುತ್ತಿದ್ದ, ಹೊಲಿಯುವವಳು ಹೊಲಿಯುತ್ತಿದ್ದಳು, ಯಜಮಾನಿಯ ಸೋದರಮಾವ ಮಲಗುತ್ತಿದ್ದ. ಮಲಗುವುದೇ ಅವನ ಕೆಲಸ. ಬೆಳಿಗ್ಗೆ ಹತ್ತಕ್ಕೆ ಕೈಯಲ್ಲೊಂದು ಸೀಮೆಸುಣ್ಣ ಹಿಡಿದು ಹೊಸ ಹಾಸಿಗೆಯ ಮೇಲೆ ಕಣ್ಣು ಮುಚ್ಚುವನು. ಎದ್ದವನೇ ಒಂದು ಕಡೆ ಗುಂಡಗೆ ಗೆರೆ ಎಳೆಯುವನು. ಅಲ್ಲಿ ಬಿಚ್ಚಿ ನೋಡಿದರೆ ಸಾಸಿವೆಯಷ್ಟಾದರೂ ಹತ್ತಿಗಂಟು ಸಿಕ್ಕೇ ಸಿಗುತ್ತಿತ್ತು. ಹಿಂದೆ ಹನ್ನೊಂದು ಕಡೆ ಅವನನ್ನು ಕೆಲಸದಿಂದ ತೆಗೆದದ್ದು ಮಲಗಿದ್ದಕ್ಕೇ. ಕೊನೆಗೆ ಅಕ್ಕನ ಮಗಳೇ ಯಜಮಾನಿಯಾಗಿ ಈ ಹಾಸಿಗೆ ಕೊಟ್ಟ ಮೇಲೆ ಅವನ ಬಾಳು ನೆಟ್ಟಗಾಗಿತ್ತು.

ಆ ವರ್ಷ ಹೊಸ ಕಾನೂನು ಬಂತು. ಕೆಲಸದಲ್ಲಿ ಪೆಟ್ಟಾದರೆ ಇರಲಿ ಎಂದು ಪ್ರತಿಯೊಬ್ಬರಿಗೂ ವಿಮೆ ಮಾಡಿಸಬೇಕು, ಕೆಲಸ ಯಾವುದೋ ಅದರ ಪ್ರಕಾರ ದರ. ಯಜಮಾನಿ ಮೂರು ಜನರ ಪಟ್ಟಿ ಹಿಡಿದು ವಿಮೆ ಕಚೇರಿಗೆ ಹೋದಳು. ಅಲ್ಲಿ ಕಿಟಕಿಗೆ ಅಡ್ಡವಾಗಿ ಒಂದು ಬೀರು, ಬೀರುವಿನ ಮೇಲೆ ಎರಡೇ ರೆಕ್ಕೆಯ ಕೆಟ್ಟ ಫ್ಯಾನು, ಅದರ ನೆರಳಲ್ಲಿ ಒಬ್ಬ ಗುಮಾಸ್ತ. ಅವನ ಮುಂದೆ ದಿಂಬಿನಷ್ಟು ದಪ್ಪದ ದರದ ಪುಸ್ತಕ.

"ಹತ್ತಿ ಹಿಂಜೋರು, ಸಂಬಳದಲ್ಲಿ ನೂರಕ್ಕೆ ನಾಲ್ಕು. ಹೊಲಿಯೋರು, ನೂರಕ್ಕೆ ಎರಡು. ಮೂರನೆಯವರು ಏನು ಮಾಡ್ತಾರೆ?"

"ಮಲಗ್ತಾರೆ."

"ಅದನ್ನ ನಮ್ಮಲ್ಲೂ ಮಾಡ್ತಾರಮ್ಮ. ಕೆಲಸ ಏನು ಅಂತ ಕೇಳಿದ್ದು."

"ಅದೇ ಕೆಲಸ."

ಗುಮಾಸ್ತ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಮರ ಕಡಿಯುವವರಿಗೂ ಮಸಿ ತಯಾರಿಸುವವರಿಗೂ ನಡುವೆ ಯಾರೂ ಮಲಗಿರಲಿಲ್ಲ.

"ಇಲ್ಲ. ಅಂದ್ರೆ ಅಪಾಯ ನೋಡಿ ನಾನೇ ವರ್ಗ ಕೊಡ್ಬೇಕು. ಬೀಳ್ತಾರಾ?"

"ಹಾಸಿಗೆ ನೆಲದ ಮೇಲೇ ಇರತ್ತೆ ಸ್ವಾಮಿ."

"ಕನಸು ಕಾಣ್ತಾರಾ?"

"ಅಯ್ಯೋ, ಒಂದೆರಡಾ! ನಿನ್ನೆ ಗಡಿಯಾರದ ಗೋಪುರದಿಂದ ಗಾಳಿಪಟದ ಹಾಗೆ ಹಾರಿದರಂತೆ." ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

"ಸೊಂಟಕ್ಕೆ ಹಗ್ಗ ಇತ್ತಾ?"

"ಕನಸಲ್ಲಿ ಸ್ವಾಮಿ!"

"ಕೆಲಸದ ಹೊತ್ತಲ್ಲಿ ತಾನೇ?"

ಗುಮಾಸ್ತ ಇನ್ನೊಂದು ಹಾಳೆಯ ಮೇಲೆ ಬೆರಳಿಟ್ಟ. ಎತ್ತರದಲ್ಲಿ ಹಗ್ಗವಿಲ್ಲದೆ ದುಡಿಯುವವರು, ನೂರಕ್ಕೆ ಅರವತ್ತು. ಅಷ್ಟು ಕಟ್ಟಿ ಮಾವನನ್ನು ಇಟ್ಟುಕೊಂಡರೆ ಕಾರ್ಖಾನೆಯೇ ಮಲಗಿಬಿಡುತ್ತಿತ್ತು. ಅವಳ ಮುಖ ನೋಡಿ ಗುಮಾಸ್ತನಿಗೆ ಏನನ್ನಿಸಿತೋ, "ನಾಳೆ ನಾನೇ ಬಂದು ನೋಡ್ತೀನಿ. ನನ್ನೆದುರಿಗೆ ಬಿದ್ದ ಕನಸೇ ಲೆಕ್ಕ," ಅಂದ.

ಸಂಜೆ ಅವಳು ಮಾವನ ಬೆನ್ನು ಹತ್ತಿದಳು. "ಕನಸೇ ಬೀಳಲಿಲ್ಲ ಅಂದುಬಿಡು ಮಾವ."

"ಬಿದ್ದಿದ್ದನ್ನ ಇಲ್ಲ ಅಂದ್ರೆ, ನಾಳೆ ಗಂಟು ಇದ್ದಿದ್ದನ್ನೂ ಇಲ್ಲ ಅಂತೀನಿ. ನನ್ನ ಕೈಲಾಗಲ್ಲ ಕೂಸೇ."

"ನೆಲದ ಮೇಲಿನ ಕನಸಾದ್ರೂ ಕಾಣು!"

"ಅದೇನು ಹಾಸಿಗೇನಾ, ಅಳತೆ ಕೊಟ್ಟು ಹೊಲಿಸೋಕೆ?"

ಮರುದಿನ ಹತ್ತಕ್ಕೆ ಸರಿಯಾಗಿ ಗುಮಾಸ್ತ ಪುಸ್ತಕ ಹೊತ್ತು ಬಂದು, ಹಾಸಿಗೆಯ ಪಕ್ಕ ಸ್ಟೂಲು ಹಾಕಿ ಕೂತ. ಮಾವ ಮಗ್ಗುಲು ಬದಲಿಸಿದ, ಆಕಳಿಸಿದ, ಒಂದು ಕಣ್ಣು ತೆರೆದು ನೋಡಿದ. ನಿದ್ದೆಯ ಸುಳಿವೇ ಇಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಏಳು ಸಮುದ್ರದ ಕಥೆ ಹೇಳಿ ಮಲಗಿಸುತ್ತಿದ್ದದ್ದು ಯಜಮಾನಿಗೆ ನೆನಪಾಯಿತು. ಆದರೆ ಸಮುದ್ರ ಕಿವಿಗೆ ಬಿದ್ದರೆ ಮಾವ ಹಡಗು ಹತ್ತದೆ ಬಿಡುವವನಲ್ಲ, ಹಡಗಿನವರ ದರ ನೂರಕ್ಕೆ ಎಪ್ಪತ್ತು.

"ಸ್ವಾಮಿ, ನಿಮ್ಮ ಪುಸ್ತಕವನ್ನೇ ಸ್ವಲ್ಪ ಓದಿ," ಅಂದಳು.

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಅಂಚೆ ಹಂಚುವವರು. ಅಡುಗೆ ಮಾಡುವವರು. ಅಣೆಕಟ್ಟು ಕಟ್ಟುವವರು…" ಇಟ್ಟಿಗೆ ಸುಡುವವರು ಬರುವಷ್ಟರಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ ಅಭ್ಯಾಸವಿಲ್ಲದ ಗುಮಾಸ್ತ ಓದುತ್ತಲೇ ಹೋದ.

ಅರ್ಧ ಗಂಟೆಯಾಗಿರಬೇಕು, ಮಾವ ಕಿಟಾರನೆ ಕಿರುಚಿ ಎದ್ದು ಕೂತ.

"ಎಲ್ಲಿಂದ ಬಿದ್ರಿ?" ಗುಮಾಸ್ತ ಪೆನ್ನು ತೆಗೆದ.

"ಬೀಳೋದೆಲ್ಲಿ ಬಂತು, ಏಳೋಕೇ ಆಗ್ಲಿಲ್ಲ!" ಮಾವ ಬೆವರು ಒರೆಸಿಕೊಂಡ. "ಒಂದು ಕುರ್ಚಿ, ಒಂದು ಮೇಜು, ಅದರ ತುಂಬ ಕಾಗದ. ಒಂದಕ್ಕೆ ಮುದ್ರೆ ಒತ್ತಿದ್ರೆ ಎರಡು ಬರೋವು. ಕಿಟಕಿ ಇತ್ತು, ಅದಕ್ಕೂ ಒಂದು ಬೀರು ಅಡ್ಡ."

ಗುಮಾಸ್ತನ ಪೆನ್ನು ನಿಂತಿತು. "ಬೀರು ಮೇಲೆ ಫ್ಯಾನು?"

"ಎರಡೇ ರೆಕ್ಕೆ."

ಗುಮಾಸ್ತ ಹಾಳೆ ತಿರುವಿ ಬರೆದ. "ಕೂತು ಬರೆಯುವವರು. ನೂರಕ್ಕೆ ಕಾಲು. ಇಷ್ಟು ಅಪಾಯವಿಲ್ಲದ ಕೆಲಸ ಪುಸ್ತಕದಲ್ಲೇ ಇನ್ನೊಂದಿಲ್ಲ."

"ಅಪಾಯ ಇಲ್ವಾ? ನನ್ನ ಪ್ರಾಣ ಬಾಯಿಗೆ ಬಂದಿತ್ತಲ್ಲಯ್ಯ!"

"ಮಾವ, ಸುಮ್ನಿರು," ಎಂದು ಯಜಮಾನಿ ಮಸಿ ಆರುವ ಮೊದಲೇ ಕಾಗದ ಎಳೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಮಾವ ತನ್ನ ಪಾಡಿಗೆ ಹಾಸಿಗೆಯ ಎಡಮೂಲೆಯಲ್ಲಿ ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದ.

ಗುಮಾಸ್ತ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ಕೊನೆಗೆ ಬಗ್ಗಿ ಮೆಲ್ಲಗೆ ಕೇಳಿದ: "ಆ ಮೇಜಿನ ಮೇಲೆ, ಎಡಗಡೆ, ಹಸಿರು ದಾರ ಕಟ್ಟಿದ ಕಾಗದ ಕಂಡಿತಾ? ನನ್ನ ರಜೆ ಅರ್ಜಿ. ನಾಲ್ಕು ವರ್ಷ ಆಯ್ತು."

"ಕಂಡಿತು. ಮುದ್ರೆ ಎತ್ತಿದ್ದೆ, ಅಷ್ಟರಲ್ಲಿ ಎಚ್ಚರ ಆಯ್ತು," ಅಂದ ಮಾವ. ಸುಳ್ಳು ಅವನ ಬಾಯಲ್ಲಿ ಬರುವುದಿಲ್ಲವಲ್ಲ.

ಗುಮಾಸ್ತನ ಕಣ್ಣು ತುಂಬಿತು. ಮಾವ ಅವನನ್ನೊಮ್ಮೆ ನೋಡಿದ, ಅಕ್ಕನ ಮಗಳನ್ನೊಮ್ಮೆ ನೋಡಿದ, ನಿಟ್ಟುಸಿರುಬಿಟ್ಟು ಮತ್ತೆ ಕಾಲು ಚಾಚಿದ.

"ಓದು ಮಾರಾಯ."

ಗುಮಾಸ್ತ ಮೊದಲ ಹಾಳೆ ತಿರುವಿ, ಮಗುವಿಗೆ ಜೋಗುಳ ಹಾಡುವವನಂತೆ ಶುರುಮಾಡಿದ. "ಅಂಚೆ ಹಂಚುವವರು…"