ಗಾಳಿ ಬಾರದ ಹಸಿರು ಕಟ್ಟಡ

ಎರಡು ಸಾವಿರದ ಇಸವಿಯಲ್ಲಿ ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಆಫೀಸಿಗೆ 'ಹಸಿರು ಕಟ್ಟಡ' ಎಂಬ ಬಿರುದು ಬಂತು. ಬಾಗಿಲಲ್ಲೇ ಹಿತ್ತಾಳೆ ಫಲಕ. ನಮ್ಮ ಬಾಸು ಮಧುಕರ್, ಹಾಸನದ ಕಡೆಯವರು, ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು. ಒಳಗೆ ಕಾಲಿಟ್ಟರೆ ಹೊಸ ಕಾರ್ಪೆಟ್ಟಿನ ಅಂಟಿನ ವಾಸನೆ ಗಂಟಲಿಗೆ ಬಡಿಯುತ್ತಿತ್ತು. ನಾವು ಕೂರುವ ಹಾಲಿನಲ್ಲಿ ತೆರೆಯುವಂಥ ಕಿಟಕಿ ಒಂದೂ ಇಲ್ಲ. ಹೊರಗಿನ ಗಾಳಿಯನ್ನು ಒಳಗೆಳೆಯುವ ದಾರಿಯನ್ನೂ ಕರೆಂಟು ಉಳಿಸಲೆಂದು ಮುಕ್ಕಾಲು ಪಾಲು ಮುಚ್ಚಿಸಿದ್ದರು. ಮೇಲೆ ಥಳಕು, ಒಳಗೆ ಹುಳುಕು ಅಂದರೆ ಇದೇ.

ನನಗೆ ಉಬ್ಬಸ ಶುರುವಾಯಿತು. ಮೈಸೂರಿನಲ್ಲಿದ್ದಷ್ಟು ಕಾಲ ಕೆಮ್ಮು ಕೂಡ ಕಾಣದ ಎದೆ ಇದು. ಶನಿವಾರ, ಭಾನುವಾರ ಉಸಿರು ಸಲೀಸು. ಸೋಮವಾರ ಆಫೀಸಿಗೆ ಬಂದರೆ ಎದೆಯೊಳಗೆ ಸೀಟಿ. ಡಾಕ್ಟರು ಸೇದುವ ಪಂಪು ಕೊಟ್ಟು, ಆಫೀಸಿನ ಗಾಳಿ ಸರಿಯಾಗದೆ ಇದು ವಾಸಿಯಾಗದು ಎಂದರು. ಕೆಲಸ ಬಿಡೋಣವೆಂದರೆ ವೀಸಾ ಹೋಗುತ್ತದೆ. ಬಾಸಿಗೇ ಹೇಳಿದೆ.

"ನೋಡಮ್ಮ ಇಸ್ಮತ್, ಈ ಬಿಲ್ಡಿಂಗಿಗೆ ಅವಾರ್ಡು ಬಂದಿದೆ. ಇಲ್ಲಿ ಕಾಯಿಲೆ ಹೆಂಗೆ ಬರುತ್ತೆ? ನಿಮ್ಮನೇಲಿ ಮಸಾಲೆ ಹುರಿಯೋ ಘಾಟು ಇರ್ಬೇಕು."

ನನ್ನ ಅಪಾರ್ಟ್‌ಮೆಂಟಿನಲ್ಲಿ ಬ್ರೆಡ್ಡು, ಮೊಸರು ಬಿಟ್ಟರೆ ಅಡುಗೆಯೇ ಇರಲಿಲ್ಲ. ಮಾರನೆಯ ದಿನ ಆ ಮಹಾನುಭಾವರು ಮನಿಪ್ಲಾಂಟಿನ ಕುಂಡ ತಂದು ನನ್ನ ಮೇಜಿನ ಮೇಲಿಟ್ಟು, "ಆಕ್ಸಿಜನ್ನು" ಎಂದು ಹೇಳಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಗುರುವಾರ ಕೆಮ್ಮು ಪಂಪಿಗೂ ಬಗ್ಗಲಿಲ್ಲ. ರಜಾ ಕೇಳಲು, ಬಾಗಿಲು ಸಹ ತಟ್ಟದೆ ಅವರ ರೂಮಿಗೆ ನುಗ್ಗಿದೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಅವರ ಬೆನ್ನ ಹಿಂದೆ ಪರದೆ ಅಲುಗಾಡುತ್ತಿತ್ತು. ಅದರಾಚೆ ಅಗಲವಾದ ಕಿಟಕಿ, ಪೂರ್ತಿ ತೆರೆದದ್ದು.

"ಇದೊಂದು ಹೆಂಗೆ ತೆರೆಯುತ್ತೆ ಸಾರ್?"

"ಸ್ಪೆಷಲ್ಲಾಗಿ ಹಾಕಿಸ್ದೆ. ಆ ಅಂಟಿನ ವಾಸನೆ ನಂಗೆ ಆಗಲ್ಲಮ್ಮ, ತಲೆನೋವು ಬರುತ್ತೆ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಂದುಬಿಡೋಣವೆಂದರೆ ಉಸಿರಿರಲಿಲ್ಲ. ಹೊರಗೆ ಹೋಗಿ ನನ್ನ ಕುರ್ಚಿಯನ್ನು ತಳ್ಳಿಕೊಂಡು ಬಂದೆ. ಕಿಟಕಿಯ ಪಕ್ಕಕ್ಕೆ ಹಾಕಿ ಕೂತೆ.

"ಏನಮ್ಮ ಇದು? ಇದು ನನ್ ರೂಮು. ನಿನ್ ವೀಸಾ ನನ್ ಕೈಲಿದೆ, ನೆನಪಿರ್ಲಿ."

ಎಷ್ಟೋ ವಾರಗಳ ಮೇಲೆ ಆ ಆಫೀಸಿನಲ್ಲಿ ಎದೆ ತುಂಬ ಉಸಿರೆಳೆದುಕೊಂಡೆ.

"ಕ್ಯಾನ್ಸಲ್ ಮಾಡ್ಸಿ ಸಾರ್. ಅಲ್ಲೀತನಕ ಇಲ್ಲೇ ಕೂತು ಉಸಿರಾಡ್ತೀನಿ."